ಉಬ್ಬರದಲ್ಲಿ ನೋಡಿದಿರೋ, ಇಳಿತದಲ್ಲೋ?

ವೆಲಿಗಾಮ, ಶ್ರೀಲಂಕಾ
ನವೆಂಬರ್ ೧೬, ಭಾನುವಾರ

ನನ್ನ ಸನೀರಕ್ಕಾ, ನನ್ನ ಬಂಗಾರದ ಅಕ್ಕಾ, ನನ್ನ ಫೋನ್ ಎತ್ತದ ಅಕ್ಕಾ,

ಸಲಾಂ. ಎರಡೂ ಕೆನ್ನೆಗೆ ಮುತ್ತು. ನೀನು ಮುಖ ತಿರುಗಿಸಿಕೊಂಡು ಅದು ಕಿವಿಗೆ ಬಿದ್ದರೂ ಪರವಾಗಿಲ್ಲ.

ಕಾಗದ ನೋಡಿ ಆಶ್ಚರ್ಯವಾಯಿತೇ? ಇನ್ನೇನು ಮಾಡಲಿ! ಎರಡು ವಾರದಿಂದ ನಾನು ಕಳಿಸಿದ ಸಂದೇಶಗಳ ಪಕ್ಕದಲ್ಲಿ ಒಂದೇ ಗೀಟು ನಿಂತಿದೆ, ಎರಡನೆಯದು ಬರುವುದೇ ಇಲ್ಲ. ಅದಕ್ಕೇ ಆದನುಬೆ ಕಾಕನ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ. ಅವರು ಕಣ್ಣಿನ ಪೊರೆ ತೆಗೆಸಲು ಕೊಲಂಬೊಗೆ ಬಂದಿದ್ದಾರೆ, ಗುರುವಾರದ ಹೊತ್ತಿಗೆ ನಮ್ಮೂರು ಹುರಾಮುಲಿ ಮುಟ್ಟುತ್ತಾರೆ. ಫೋನಿನಲ್ಲಿ ಕೇಳಿದಾಗ ನಕ್ಕರು. "ನಂಗೆ ಕಣ್ಣಿಗೆ ಪಟ್ಟಿ ಕಟ್ಟಿರೋವಾಗ್ಲೇ ನೋಡಿ ಕಾಗ್ದ ಕೊಡ್ತಿದೀಯಲ್ಲ, ಅಕ್ಕತಂಗೀರದ್ದು ಏನೋ ಭಾರಿ ಗುಟ್ಟು ಇರ್ಬೇಕು" ಎಂದರು. ನಾನೂ ನಕ್ಕೆ. ಎಷ್ಟು ಚೆನ್ನಾಗಿ ನಕ್ಕೆ ಎಂದರೆ ನನಗೇ ನಾಚಿಕೆಯಾಯಿತು.

ಮದುವೆಯಾಗಿ ಇವತ್ತಿಗೆ ನಲವತ್ತಮೂರು ದಿನ. ನಗಬೇಡ, ನಾನು ಎಣಿಸುತ್ತೇನೆ! ರಾಯಿಫ್ ಎಣಿಸುವುದಿಲ್ಲ, ಆದರೆ ಕೇಳಿದರೆ ತಟ್ಟನೆ ಸರಿಯಾಗಿ ಹೇಳುತ್ತಾನೆ. ಬಾಯಿ ತುಂಬ ನೊರೆ ಇಟ್ಟುಕೊಂಡೇ ಹಾಡುತ್ತಾ ಹಲ್ಲುಜ್ಜುತ್ತಾನೆ ಅಕ್ಕಾ. ನನ್ನ ತಲೆವಸ್ತ್ರಗಳನ್ನು ಮೂಲೆಗೆ ಮೂಲೆ ಸೇರಿಸಿ ಬಟ್ಟೆಯಂಗಡಿಯವನ ಹಾಗೆ ಮಡಚಿಡುತ್ತಾನೆ. ನೀನು ಕೊಟ್ಟ ರಿಹಾಕುರು ಬಾಟಲಿಯನ್ನು ವಿಮಾನದಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದ. ಮೀನಿನ ವಾಸನೆಗೆ ಪಕ್ಕದ ಸೀಟಿನ ಹೆಂಗಸು ಮೂಗು ಮುಚ್ಚಿಕೊಂಡರೆ, "ನಮ್ಮತ್ತಿಗೆ ಕೈಯಾರೆ ಮಾಡಿದ್ದು ಮೇಡಂ, ಸ್ವಲ್ಪ ರುಚಿ ನೋಡ್ತೀರಾ?" ಎಂದು ಕೇಳಿಯೇಬಿಟ್ಟ!

ಆ ಬಾಟಲಿಯನ್ನು ನೀನಾಗಿ ನನ್ನ ಕೈಗೆ ಕೊಡಲಿಲ್ಲ, ಅಜ್ಜಿಯ ಕೈಯಲ್ಲಿ ಕಳಿಸಿದೆ. ದೋಣಿಕಟ್ಟೆಗೆ ಬರಲಿಲ್ಲ. ಅದನ್ನು ಆಮೇಲೆ ಬರೆಯುತ್ತೇನೆ.

ಮೊದಲು ಕೆಲಸದ ವಿಷಯ. ನೀನು ಯಾವತ್ತೂ ಪೂರ್ತಿ ಕೇಳಲಿಲ್ಲ, ನಾನೂ ಯಾವತ್ತೂ ಪೂರ್ತಿ ಹೇಳಲಿಲ್ಲ. ಪತ್ರಿಕೆ, ಟೀವಿಯವರ ಮುಂದೆ ಕೂರಬೇಕಾದ ದೊಡ್ಡವರಿಗೆ, ಅಂದರೆ ಅಧಿಕಾರಿಗಳು, ರೆಸಾರ್ಟಿನ ಮ್ಯಾನೇಜರುಗಳು, ಕಂಪನಿಯ ವಕ್ತಾರರಿಗೆ, ರಾಯಿಫ್ ಮಾತಾಡುವುದನ್ನು ಕಲಿಸುತ್ತಾನೆ. ಅದ್ದೂವಿನಿಂದ ಹಿಡಿದು ನಮ್ಮ ದ್ವೀಪಗಳಲ್ಲೆಲ್ಲ ಸುತ್ತಿ ಈಗ ಇಲ್ಲಿ ಲಂಕೆಯ ಕರಾವಳಿಯಲ್ಲಿ ಕಲಿಸುತ್ತಿದ್ದಾನೆ. ಅವನ ಕ್ರಮ ಎಲ್ಲ ಕಡೆಯೂ ಒಂದೇ. ಮೊದಲ ದಿನ ಏನೂ ಕಲಿಸುವುದಿಲ್ಲ. ಮನುಷ್ಯನನ್ನು ಸೀದಾ ಕ್ಯಾಮೆರಾದ ಮುಂದೆ ಕೂರಿಸಿ ಬೆವರಿಳಿಯುವ ಪ್ರಶ್ನೆ ಕೇಳಿಸಿ ಚಿತ್ರೀಕರಿಸುತ್ತಾನೆ. ಇದು ಕಚ್ಚಾ. ಆಮೇಲೆ ಕೈ ಎಲ್ಲಿಡಬೇಕು, ಉಸಿರು ಯಾವಾಗ ಎಳೆಯಬೇಕು, ಬೇಡದ ಪ್ರಶ್ನೆಯನ್ನು ಬೇಕಾದ ಮಾತಿಗೆ ಹೇಗೆ ತಿರುಗಿಸಿಕೊಳ್ಳಬೇಕು, ಎಲ್ಲ ಕಲಿಸುತ್ತಾನೆ. ಕೊನೆಗೆ ಅದೇ ಪ್ರಶ್ನೆ ಮತ್ತೆ ಕೇಳಿಸಿ ಮತ್ತೊಮ್ಮೆ ಚಿತ್ರೀಕರಿಸುತ್ತಾನೆ. ಅದು ಪಕ್ಕಾ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ ಅವರು ತಮ್ಮ ಮುಖವನ್ನು ತಾವೇ ನಂಬುವುದಿಲ್ಲ!

ಈ ನಾಟಕಕ್ಕೆ ಒಬ್ಬ ಪತ್ರಕರ್ತೆ ಬೇಕಲ್ಲ. ಮೊದಲು ಇದ್ದ ಹುಡುಗಿ ಮದುವೆಗೆ ಒಂದು ವಾರ ಮುಂಚೆ ಕೆಲಸ ಬಿಟ್ಟಳು. "ನಾನು ಮಾಡ್ಲಾ?" ಎಂದೆ. ತಮಾಷೆಗೆ ಅಂದದ್ದು. ಅಕ್ಕಾ, ನಾನು ಎಷ್ಟು ಚೆನ್ನಾಗಿ ಮಾಡಿದೆ ಎಂದರೆ! ಚಿಕ್ಕವಳಿದ್ದಾಗ "ಬಾಯಿ ಮುಚ್ಚೇ, ಕಾಗೆ ಥರ ಕುಕ್ತಿದೀಯ" ಎಂದು ಬೈಯುತ್ತಿದ್ದೆಯಲ್ಲ, ಆ ಕೊಕ್ಕಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಅದ್ದೂವಿನಲ್ಲಿ ಒಬ್ಬ ಅಧಿಕಾರಿ ನನ್ನ ನಾಲ್ಕನೆಯ ಪ್ರಶ್ನೆಗೆ ನೀರು ಕೇಳಿದ. ಊಟಕ್ಕೆ ಕೂತಾಗ ರಾಯಿಫ್‌ನ ಭುಜ ತಟ್ಟಿ, "ಮನೇಲೂ ಹೀಗೇನಾ ಇವ್ರು? ಪಾಪ ಕಣಯ್ಯಾ ನೀನು" ಎಂದ. ರಾಯಿಫ್ ನನ್ನ ಕಡೆ ನೋಡಿದ. ಆ ನೋಟವನ್ನು ಹೇಗೆ ಬರೆಯಲಿ? ಹೆಂಡತಿ ಚೆಂದ ಕಾಣುತ್ತಾಳೆ ಎಂದಲ್ಲ, ಹೆಂಡತಿ ಗಟ್ಟಿ ಎಂಬ ನೋಟ. ಅದಕ್ಕಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ.

ಮಾಡಿದೆ. ಅದನ್ನೇ ಬರೆಯಬೇಕು ಎಂದು ಬೆಳಿಗ್ಗೆಯಿಂದ ಕೂತಿದ್ದೇನೆ, ನೋಡಿದರೆ ಹಲ್ಲುಜ್ಜುವುದರ ಬಗ್ಗೆ ಬರೆಯುತ್ತಿದ್ದೇನೆ.

ಈ ಕಾಗದವನ್ನು ನೀನೊಬ್ಬಳೇ ಓದಿಕೋ ಅಕ್ಕಾ. ಅಜ್ಜಿ "ಏನ್ ಬರ್ದಿದಾಳೆ, ಜೋರಾಗ್ ಓದು" ಎನ್ನುತ್ತಾಳೆ. ಜೂನಾ ಚೆನ್ನಾಗಿದ್ದಾಳಂತೆ, ಲಂಕೆಯಲ್ಲಿ ಅನ್ನ ಖಾರವಂತೆ ಎಂದು ಏನಾದರೂ ಹೇಳು. ಮಿಕ್ಕಿದ್ದು ಅವಳಿಗೆ ಬೇಡ.

ನಾವು ಹುರಾಮುಲಿಗೆ ಬಂದ ದಿನ ನೆನಪಿದೆಯೇ? ಮದುಮಗ ಮೊದಲ ಸಲ ಊರಿಗೆ ಬಂದ ಎಂದು ಹೆಂಗಸರೆಲ್ಲ ಬೇಲಿಯಾಚೆ ಸೇರಿದ್ದರು. ಅಜ್ಜಿ ಜೋಲಿ ಕುರ್ಚಿಯಲ್ಲಿ ಕೂತು, ಬಿಸಿ ಚಹಾದ ಲೋಟವನ್ನು ಬಟ್ಟೆ ಸುತ್ತಿ ಹಿಡಿದುಕೊಂಡು, ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಏನ್ ಕೆಲ್ಸ ಮಾಡ್ತೀಯಪ್ಪಾ?"

"ಮಾತಾಡೋದು ಕಲಿಸ್ತೀನಿ ಅಜ್ಜಿ."

"ಯಾರಿಗೆ? ಮೂಗರಿಗಾ?"

"ಇಲ್ಲಜ್ಜಿ, ದೊಡ್ಡ ದೊಡ್ಡ ಸಾಹೇಬರಿಗೆ."

"ಅವ್ರು ಮಾತಾಡ್ತಾನೇ ಇರ್ತಾರಲ್ಲೋ! ಸುಮ್ನಿರೋದು ಕಲ್ಸು, ಪುಣ್ಯ ಬರುತ್ತೆ."

ನೀನು ಎಷ್ಟು ನಕ್ಕೆ ಎಂದರೆ ಕೈಯಲ್ಲಿದ್ದ ಅಡಿಕೆ ತಟ್ಟೆ ಚೆಲ್ಲಿತು. ನಾನು ನಿನ್ನ ನಗುವನ್ನು ಕೊನೆಯ ಸಲ ಕೇಳಿದ್ದು ಅದೇ.

ಮೂರನೆಯ ದಿನ ಇಳಿತದ ಹೊತ್ತಿಗೆ ನನ್ನನ್ನು ತೆಂಗಿನ ಸಿಪ್ಪೆ ಕೊಳೆಹಾಕುವ ಗುಂಡಿಗಳ ಹತ್ತಿರ ಕರೆದುಕೊಂಡು ಹೋದೆ. ಮೊಣಕಾಲವರೆಗಿನ ನೀರು, ಅದರ ಕೆಳಗೆ ಕರಿಯ ಕೆಸರು, ಆ ವಾಸನೆ. ಊರಿನ ಪ್ರತಿ ಮನೆಯ ಗುಂಡಿಗೂ ಒಂದೊಂದು ಗೂಟ, ಗೂಟಕ್ಕೆ ಆಯಾ ಮನೆಯ ಹೆಂಗಸರ ಗಂಟು. ನಮ್ಮ ಗಂಟು ಮೂರು ಸುತ್ತಿನದು. ಅಜ್ಜಿಯ ತಾಯಿ ಹಾಕಿದ್ದು, ಅಜ್ಜಿ ಹಾಕಿದ್ದು, ಅಮ್ಮ ಹಾಕಿದ್ದು, ಅಮ್ಮ ಹೋದ ಮೇಲೆ ನೀನು ಹಾಕುತ್ತಿರುವುದು. ಹವಳದ ಕಲ್ಲು ಸರಿಸಿ, ಕೊಳೆತ ಸಿಪ್ಪೆಯೊಂದನ್ನು ಎತ್ತಿ ನಾರು ಹದವಾಗಿದೆಯೇ ಎಂದು ಹಿಸುಕಿ ನೋಡುತ್ತಾ ನೀನು ಹೇಳಿದೆ. ಬಂದರು ಕಟ್ಟುವ ಕಂಪನಿಯವರ ವರದಿಯಲ್ಲಿ ಈ ದಡದ ನೀರು ಖಾಲಿ, ಇದನ್ನು ಯಾರೂ ಬಳಸುತ್ತಿಲ್ಲ ಎಂದು ಬರೆದಿದ್ದಾರೆ, ಇದನ್ನೇ ಮಣ್ಣು ಹಾಕಿ ಮುಚ್ಚುತ್ತಾರೆ, ಭಾನುವಾರ ಶಾಲೆಯ ಅಂಗಳದಲ್ಲಿ ಸಭೆ ಇದೆ ಎಂದು.

"ಬಂದರು ಬೇಡ ಅಂತ ಯಾರ್ ಹೇಳ್ತಾರೆ? ಉತ್ತರದ ಕಡೆ ಕಟ್ಲಿ. ಗಂಡಸರು ಸಭೇಲಿ ಕೂಗಾಡ್ತಾರೆ, ಕೂಗಾಡಿದ್ರೆ ಅವ್ರಿಗೆ ಸುಲಭ. ನಾವು ಒಂದೇ ಒಂದು ಪ್ರಶ್ನೆ ಕೇಳೋದು ಅಂತ ಮಾಡಿದೀವಿ. ನಾನೇ ಕೇಳ್ತೀನಿ."

ಮತ್ತೆ ಆ ಪ್ರಶ್ನೆಯನ್ನು ಹೇಳಿದೆ. "ಖಾಲಿ ಅಂತ ಬರ್ದಿದೀರಲ್ಲ, ಅಳತೆಯವ್ರು ಉಬ್ಬರದಲ್ಲಿ ನೋಡಿದ್ರೋ, ಇಳಿತದಲ್ಲಿ ನೋಡಿದ್ರೋ?"

ನನಗೆ ಮೈ ಜುಮ್ಮೆಂದಿತು ಅಕ್ಕಾ. ಎಷ್ಟು ಸಣ್ಣ ಪ್ರಶ್ನೆ! ಉಬ್ಬರದಲ್ಲಿ ಬಂದು ದೋಣಿಕಟ್ಟೆಯ ಮೇಲೆ ನಿಂತರೆ ನೀಲಿ ನೀರು ಬಿಟ್ಟು ಬೇರೇನೂ ಕಾಣದು ಎಂಬುದು ನಮ್ಮ ಊರಿನ ಹೆಂಗಸರಿಗಲ್ಲದೆ ಯಾರಿಗೆ ಹೊಳೆಯಬೇಕು? ಉಬ್ಬರ ಎಂದರೆ ನೋಡೇ ಇಲ್ಲ ಎಂದು ಒಪ್ಪಿಕೊಂಡಂತೆ. ಇಳಿತ ಎಂದರೆ ನೋಡಿಯೂ ಸುಳ್ಳು ಬರೆದಂತೆ.

"ಯಾರ್ಗೂ ಹೇಳ್ಬೇಡ. ನಿನ್ ಗಂಡನ್ಗೂ. ಅವ್ರು ಮೊದ್ಲೇ ಕೇಳಿಸ್ಕೊಂಡ್ರೆ ಮುಗೀತು" ಎಂದೆ. ನಾನು ನಮ್ಮ ಗೂಟ ಮುಟ್ಟಿ ಆಣೆ ಮಾಡಿದೆ. ನೀನು "ಸಾಕು, ನಾಟಕ ಮಾಡ್ಬೇಡ" ಎಂದೆ, ಆದರೆ ನಿನಗೆ ಖುಷಿಯಾಗಿತ್ತು.

ಆಗ ನಾನು ನಿನಗೆ ಹೇಳದೆ ಇದ್ದ ಒಂದು ವಿಷಯವಿತ್ತು. ನಾಳೆಯಿಂದ ಎರಡು ದಿನ ಪಕ್ಕದ ದೊಡ್ಡ ದ್ವೀಪದಲ್ಲಿ ರಾಯಿಫ್‌ನ ತರಬೇತಿ ಇದೆ ಎಂದಷ್ಟೇ ಹೇಳಿದ್ದೆ. ಅದು ಯಾರಿಗೆ ಎಂದು ಹೇಳಿರಲಿಲ್ಲ. ಆ ಬಂದರು ಕಂಪನಿಯ ವಕ್ತಾರನಿಗೇ. ನಿನ್ನ ಜೊತೆ ಕೆಸರಿನಲ್ಲಿ ನಿಂತಾಗಲೂ ನನಗೆ ಗೊತ್ತಿತ್ತು. ಹೇಳಿದರೆ ನೀನು ರಾಯಿಫ್‌ನನ್ನು ಬೇರೆ ಕಣ್ಣಿನಿಂದ ನೋಡುತ್ತೀಯ ಎಂದು ಹೆದರಿದೆ. ಕೆಲಸ ಬೇರೆ, ಮನೆ ಬೇರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ವಕ್ತಾರನ ಹೆಸರು ಶಮೂನ್. ಸಭೆಯಲ್ಲಿ ನೀನು ನೋಡಿದ ಆ ಬಿಳಿ ಅಂಗಿಯವನೇ. ಕೆಟ್ಟವನಲ್ಲ, ರಾಜಧಾನಿ ಮಾಲೆಯ ಹುಡುಗ, ನನಗಿಂತ ಮೂರೋ ನಾಲ್ಕೋ ವರ್ಷ ದೊಡ್ಡವನು. ಮೊದಲ ದಿನ ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಕಾಗದ ನೋಡಿ ಗಿಳಿಯ ಹಾಗೆ ಉತ್ತರ ಒಪ್ಪಿಸಿದ. ಎಷ್ಟು ಜನಕ್ಕೆ ಕೆಲಸ ಸಿಗುತ್ತದೆ, ಬಂದರು ಎಷ್ಟು ಆಳ, ಎಲ್ಲ ಬಾಯಿಪಾಠ. ರಾಯಿಫ್ ಕ್ಯಾಮೆರಾದ ಹಿಂದಿನಿಂದ ತಲೆ ಆಡಿಸಿದ. "ಜೂನಾ, ಇದೆಲ್ಲ ಸಪ್ಪೆ. ಇವ್ರು ಎಲ್ಲಿ ಮುರೀತಾರೆ ಅಂತ ಗೊತ್ತಾಗ್ಬೇಕು. ಗಟ್ಟಿ ಪ್ರಶ್ನೆ ಇಲ್ವಾ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಎರಡು ಅಕ್ಷರದ ಮಾತು. ನಾನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಕಾಲ ಮೇಲೆ ಕಾಲು ಹಾಕಿ, ನಿನ್ನ ಪ್ರಶ್ನೆಯನ್ನು ನಿನ್ನದೇ ಮಾತಿನಲ್ಲಿ, ನೀನು ಎಲ್ಲಿ ತಡೆದು ಹೇಳಿದ್ದೆಯೋ ಅಲ್ಲೇ ತಡೆದು, ಕೇಳಿದೆ.

ಶಮೂನ್‌ನ ಕೈಯಿಂದ ಕಾಗದ ಜಾರಿತು. ಅಲ್ಲಿಯವರೆಗೆ ಅವನಿಗೆ ಯಾರೂ ಏನೂ ಕಲಿಸಿರಲಿಲ್ಲ ನೋಡು. ನಿಜವೇ ಬಾಯಿಗೆ ಬಂತು. "ಉಬ್ಬರ ಇತ್ತು. ಅಳತೆಯವ್ರು ದೋಣಿಕಟ್ಟೆ ಮೇಲೆ ನಿಂತೇ ನೋಡಿದ್ದು, ಹತ್ತು ನಿಮಿಷ. ನಾನೂ ಜೊತೇಲಿದ್ದೆ. ಕೆಳಗೆ ಹೆಂಗಸರ ಗುಂಡಿಗಳಿವೆ ಅಂತ ಕೌನ್ಸಿಲಿನವ್ರು ಹೇಳಿದ್ರು. ನೀರಿಗಿಳಿದು ಯಾರ್ ನೋಡ್ತಾರೆ, ಖಾಲಿ ಅಂತ ಬರ್ಕೊಳ್ಳಿ ಅಂದ್ರು ನಮ್ಮ ಸಾಹೇಬ್ರು" ಎಂದ. ಹೇಳಿದ ಮೇಲೆ ಕ್ಯಾಮೆರಾದ ಕಡೆ ನೋಡಿ, "ಅಯ್ಯೋ, ಇದು ಅಳಿಸ್ತೀರಿ ತಾನೇ?" ಎಂದ. ಎಲ್ಲರೂ ನಕ್ಕರು.

ರಾಯಿಫ್ ಬಂದು ನನ್ನ ತಲೆಯ ಮೇಲೆ ಕೈಯಿಟ್ಟ. "ಎಲ್ಲಿಂದ ಹೊಳೀತೇ ನಿಂಗಿದು!"

"ಸುಮ್ನೆ, ತಲೇಗೆ ಬಂತು" ಎಂದೆ.

ಅಕ್ಕಾ, ಪ್ರಶ್ನೆ ಕದ್ದದ್ದು ಒಂದು. ಅದನ್ನು ನನ್ನದೆಂದು ಹೇಳಿಕೊಂಡದ್ದು ಇನ್ನೊಂದು. ಯಾವುದಕ್ಕೆ ಹೆಚ್ಚು ನಾಚಬೇಕು ಎಂದು ನನಗೆ ಈಗಲೂ ಗೊತ್ತಿಲ್ಲ. ಆ ದಿನ ನಾಚಿಕೆಯಾಗಲಿಲ್ಲ ಎಂಬುದಕ್ಕೇ ಹೆಚ್ಚು ನಾಚಬೇಕೇನೋ. ನಾನು ಆ ಸಂಜೆಯೆಲ್ಲ ತೇಲುತ್ತಿದ್ದೆ.

ಉತ್ತರ ತಯಾರಾದದ್ದು ಮರುದಿನ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಉತ್ತರ ಕಲಿಸುವುದು ರಾಯಿಫ್‌ನ ಕೆಲಸ, ಕಲಿಸಿದ. ಮೂರು ದಿನ ಅಜ್ಜಿಯ ಜೊತೆ ಕೂತು ಚಹಾ ಕುಡಿದಿದ್ದನಲ್ಲ, ಅವನ ಕಣ್ಣು ಬಹಳ ಚುರುಕು.

ಇನ್ನು ಸಭೆ. ನೀನು ಅಲ್ಲಿಯೇ ಇದ್ದೆ, ನಿನಗೆ ಹೇಳುವುದೇನು? ಆದರೆ ನಾನು ಕೂತಿದ್ದ ಕಡೆಯಿಂದ ಹೇಗೆ ಕಂಡಿತು ಎಂದು ನಿನಗೆ ಗೊತ್ತಿಲ್ಲ. ರಾಯಿಫ್ ತನ್ನ ಶಿಷ್ಯ ಹೇಗೆ ಮಾತಾಡುತ್ತಾನೆ ನೋಡಬೇಕು ಎಂದು ಬಂದಿದ್ದ, ಹಾಗಾಗಿ ನಾನು ಕಂಪನಿಯವರ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಎದುರಿಗೆ ಹೆಂಗಸರ ಸಾಲು. ಅಜ್ಜಿ ನನ್ನನ್ನು ನೋಡಿ ಪಕ್ಕದ ಜಾಗ ತಟ್ಟಿ ತೋರಿಸಿ ಕರೆದಳು. "ಅಲ್ಲೇನ್ ಮಾಡ್ತಿದೀಯೇ, ಇಲ್ ಬಾ" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದಳು. ನಾನು ಕೈ ಸನ್ನೆಯಲ್ಲಿ ಆಮೇಲೆ ಬರುತ್ತೇನೆ ಎಂದೆ. ಕಂಪನಿಯ ಬಾಟಲಿ ನೀರು ಕುಡಿದೆ.

ಗಂಡಸರು ಕೂಗಾಡಿದರು. ನೀನು ಕಾದೆ. ಎಲ್ಲ ತಣ್ಣಗಾದ ಮೇಲೆ ಎದ್ದು ನಿಂತೆ. ನೀಲಿ ಉಡುಪು ಹಾಕಿಕೊಂಡಿದ್ದೆ, ಹಬ್ಬದ್ದು. ಎಷ್ಟು ಚೆಂದ ಕಾಣುತ್ತಿದ್ದೆ. ಪ್ರಶ್ನೆ ಕೇಳಿದೆ, ಮೆಲ್ಲಗೆ, ತಡೆಯಬೇಕಾದಲ್ಲಿ ತಡೆದು. ಶಮೂನ್ ನಿನ್ನ ಮಾತು ಮುಗಿಯುವ ಮುಂಚೆಯೇ ತಲೆದೂಗುತ್ತಿದ್ದ. ಎದ್ದು ಬಂದು ಮೈಕ್ ಕೆಳಗಿಟ್ಟ. ಕೈಗಳನ್ನು ಬಿಚ್ಚಿ ಮುಂದೆ ಹಿಡಿದ. ಕಲಿಸಿಕೊಟ್ಟ ಹಾಗೆ ಉಸಿರೆಳೆದುಕೊಂಡ.

"ಅಕ್ಕಾ, ನಿಮ್ಮ ನೋವು ನಂಗೆ ಗೊತ್ತು. ನನ್ನ ಅಮ್ಮನ ಬಲಗೈಲಿ ಹೆಬ್ಬೆರಳಿನ ಬುಡದಿಂದ ಕಿರುಬೆರಳಿನವರೆಗೆ ಒಂದು ಗೆರೆ ಇದೆ. ಕತ್ತದ ಹಗ್ಗ ಕೊರೆದಿದ್ದು. ಬಿಸಿ ಚಹಾ ಲೋಟ ಬರೀ ಕೈಲಿ ಹಿಡಿಯೋಕಾಗಲ್ಲ ಅವ್ರಿಗೆ, ಬಟ್ಟೆ ಸುತ್ಕೊಂಡು ಹಿಡೀತಾರೆ. ಈ ದ್ವೀಪದ ಇನ್ನೊಬ್ಬ ಅಮ್ಮನಿಗೆ ಆ ಗೆರೆ ಬೀಳ್ಬಾರ್ದು. ಅದಕ್ಕೇ ನಾನಿಲ್ಲಿ ಬಂದಿರೋದು."

ಉಬ್ಬರದ ಮಾತಿಲ್ಲ, ಇಳಿತದ ಮಾತಿಲ್ಲ. ಆದರೆ ಅಮ್ಮನ ಅಂಗೈಯ ಮುಂದೆ ನಿಂತು "ಅದಿರ್ಲಿ, ನೀರು ಎಷ್ಟಿತ್ತು ಹೇಳಿ" ಎಂದು ಯಾರು ಕೇಳುತ್ತಾರೆ? ಹೆಂಗಸರ ಸಾಲಿನಲ್ಲಿ ಮೂಗು ಎಳೆದುಕೊಳ್ಳುವ ಸದ್ದು. ಆಗ ಅಜ್ಜಿ ಎದ್ದಳು.

"ಮಗಾ, ನಿನ್ನಮ್ಮನ ಕೈಗೆ ತೆಂಗಿನೆಣ್ಣೆ ಬಿಸಿ ಮಾಡಿ ಹಚ್ಚು. ನಾನೂ ಅದೇ ಹಚ್ಚೋದು. ಅಲ್ಲಾಹು ಆ ಕೈಗೆ ಸುಖ ಕೊಡ್ಲಿ" ಎಂದಳು. ತನ್ನ ಬಲಗೈಯನ್ನು ಎತ್ತಿ ಅವನಿಗೆ ತೋರಿಸಿದಳು ಅಕ್ಕಾ.

ನೀನು ಇನ್ನೂ ನಿಂತೇ ಇದ್ದೆ. ಅಜ್ಜಿಯ ಕೈ ನೋಡಿದೆ. ಆಮೇಲೆ ಅಂಗಳದಾಚೆಯಿಂದ ನನ್ನನ್ನು ನೋಡಿದೆ. ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ. ನನ್ನ ಚಪ್ಪಲಿಗೆ ಪಟ್ಟಿಯೇ ಇರಲಿಲ್ಲ.

ಊರು ಬಿಡುವಾಗ, ನೀನು ಬೀಳ್ಕೊಡಲು ಬಾರದ ಆ ದೋಣಿಯಲ್ಲಿ ರಾಯಿಫ್ ಕೇಳಿದ. "ನಿನ್ನ ಅಕ್ಕ ಕೇಳಿದ್ದೂ ಅದೇ ಪ್ರಶ್ನೆ ಅಲ್ವಾ?" ಹೌದಲ್ಲ, ಎಂಥ ವಿಚಿತ್ರ, ಅಕ್ಕತಂಗಿಯರ ತಲೆ ಒಂದೇ ಥರ ಓಡುತ್ತದೆ ಎಂದೆ. ಅವನು ಆ ದಿನ ನನ್ನ ತಲೆವಸ್ತ್ರ ಮಡಚಲಿಲ್ಲ.

ಲಂಕೆಯಲ್ಲಿ ನಾನು ಖುಷಿಯಾಗಿರಲು ಎಷ್ಟು ಪ್ರಯತ್ನ ಮಾಡಿದೆ ಎಂದರೆ ನೋಡುವವರಿಗೆ ಸುಸ್ತಾಗಬೇಕು. ರೈಲಿನ ಬಾಗಿಲಲ್ಲಿ ನಿಂತೆ, ಸಿಕ್ಕಿದ್ದೆಲ್ಲ ತಿಂದೆ, ದಿನಕ್ಕೆ ನೂರು ಚಿತ್ರ ತೆಗೆದೆ. ನೀನು ನೋಡದ ಚಿತ್ರಗಳು. ಮೊನ್ನೆ ಶುಕ್ರವಾರ ಇಲ್ಲಿ ವೆಲಿಗಾಮದಲ್ಲಿ ತರಬೇತಿಯ ನಡುವೆ ಊಟಕ್ಕೆ ಬಿಟ್ಟಾಗ ಆಟೋ ಹತ್ತಿದೆ. ಹಿನ್ನೀರಿನ ಪಕ್ಕದ ದಾರಿಯಲ್ಲಿ ಒಂದು ತಿರುವು ಬಂತು, ಬಂದ ಕೂಡಲೇ ಮೂಗಿಗೆ ಬಡಿಯಿತು. ಅದೇ ವಾಸನೆ! ಕೊಳೆತ ಸಿಪ್ಪೆ, ಕರಿಯ ಕೆಸರು. ಆಟೋ ನಿಲ್ಲಿಸಿ ಇಳಿದು ಓಡಿದೆ. ಹೆಂಗಸರು ನೀರಿನಿಂದ ಸಿಪ್ಪೆ ಎತ್ತಿ ದಡದಲ್ಲಿ ಕುಕ್ಕರಗಾಲಲ್ಲಿ ಕೂತು ಬಡಿಯುತ್ತಿದ್ದರು. ಭಾಷೆ ಬೇರೆ, ಬಡಿಯುವ ಸದ್ದು ಒಂದೇ.

ಪೊಡಿನೋನಾ ಎಂಬ ಮುದುಕಿ ನನ್ನ ಹೊಸ ಬಟ್ಟೆ ನೋಡಿ ನಕ್ಕು ಒಂದು ಹಿಡಿ ನಾರು ಎಸೆದಳು, ತಮಾಷೆಗೆ. ನಾನು ಅಲ್ಲೇ ಕೂತು ಹೊಸೆದೆ. ಎಷ್ಟೋ ವರ್ಷವಾಗಿತ್ತು, ನೀನು ನನ್ನನ್ನು ಇಂಗ್ಲಿಷ್ ಶಾಲೆಗೆಂದು ಮಾಲೆಗೆ ಕಳಿಸಿದ ಮೇಲೆ ಮುಟ್ಟಿರಲಿಲ್ಲ. ಕೈ ಮರೆತಿರಲಿಲ್ಲ. ಮುದುಕಿ ಏನೋ ಕೇಳಿದಳು. ಆಟೋದವನು ಇಂಗ್ಲಿಷಿಗೆ ತಿರುಗಿಸಿದ. "ಯಾರ್ ಕಲಿಸಿದ್ದು ಅಂತ ಕೇಳ್ತಿದಾರೆ."

"ನನ್ನಕ್ಕ" ಎಂದೆ.

"ಮತ್ಯಾಕೆ ಅಳ್ತಿದೀಯ ಅಂತ ಕೇಳ್ತಿದಾರೆ. ನಾನ್ ಕೇಳ್ತಿಲ್ಲ ಮೇಡಂ, ಅವ್ರು ಕೇಳ್ತಿರೋದು."

ಎರಡು ಮೊಳ ಹೊಸೆಯುವಷ್ಟರಲ್ಲಿ ಅಂಗೈ ಕೆಂಪಾಗಿ ಉರಿಯತೊಡಗಿತು. ಅಜ್ಜಿ ಅರವತ್ತು ವರ್ಷ ಹೊಸೆದಿದ್ದಾಳೆ, ನೀನು ಇಪ್ಪತ್ತು. ಆ ಹಗ್ಗ ಹಿಡಿದುಕೊಂಡು ನಾನು ಮಾಲೆಯವರೆಗೆ ಹೋದೆ, ಶಾಲೆ ಮುಗಿಸಿದೆ, ಕಾಲ ಮೇಲೆ ಕಾಲು ಹಾಕಿ ಪ್ರಶ್ನೆ ಕೇಳುವವಳಾದೆ.

ಆ ಮಧ್ಯಾಹ್ನ ತರಬೇತಿಗೆ ವಾಪಸು ಹೋದಾಗ ನನ್ನ ಬಾಯಿಂದ ಒಂದು ಪ್ರಶ್ನೆಯೂ ಹೊರಡಲಿಲ್ಲ. ರಾಯಿಫ್ ಹೊಟ್ಟೆನೋವೇ ಎಂದು ಕೇಳಿದ. ಹೊರಗೆ ಕರೆದುಕೊಂಡು ಹೋಗಿ ಅವನಿಗೆ ಹೇಳಿದೆ, ಅದು ನಿನ್ನ ಪ್ರಶ್ನೆ, ನನ್ನದಲ್ಲ ಎಂದು. "ನಂಗೊಂದ್ ಮಾತು ಹೇಳಿದ್ರೆ ಆ ಕೆಲ್ಸಾನೇ ಅಲ್ಲಿಗೇ ಬಿಡ್ತಿದ್ದೆ ಜೂನಾ. ನಿನ್ನೂರು ಅದು" ಎಂದ. ಬೈಯಲಿಲ್ಲ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ, ಅವನು ಆ ಅನುಕೂಲವನ್ನೂ ಮಾಡಿಕೊಡಲಿಲ್ಲ.

ಈಗ ಕೇಳು. ಈ ಕಾಗದದ ಜೊತೆ ಒಂದು ಮೆಮೊರಿ ಕಾರ್ಡ್ ಇದೆ, ನಿನ್ನ ಉಗುರಿನಷ್ಟು ದೊಡ್ಡದು. ಬೀಳಿಸಬೇಡ. ಅದರಲ್ಲಿ ಶಮೂನ್‌ನ ಕಚ್ಚಾ ಇದೆ. ಉಬ್ಬರ ಇತ್ತು, ಹತ್ತು ನಿಮಿಷ, ಯಾರ್ ನೋಡ್ತಾರೆ, ಎಲ್ಲ ಅವನ ಬಾಯಿಂದಲೇ. ಇಪ್ಪತ್ತನಾಲ್ಕನೇ ತಾರೀಕು ಸೋಮವಾರ ಮಾಲೆಯಿಂದ ತಪಾಸಣೆಯವರು ಊರಿಗೆ ಬರುತ್ತಾರಲ್ಲ, ಗುಂಡಿಗಳು ಉಳಿಯುವುದೋ ಮುಚ್ಚುವುದೋ ತೀರ್ಮಾನ ಮಾಡುವವರು ಅವರೇ. ಅವರ ಮುಂದೆ ಇದನ್ನು ಹಾಕು. ಶಾಲೆಯಲ್ಲಿ ಪರದೆ ಇದೆ. ಎಲ್ಲರೂ ಇರುವಾಗ ಹಾಕು.

ತರಬೇತಿಯ ಚಿತ್ರ ಹೊರಗೆ ಹೋಗಬಾರದು ಎಂದು ರಾಯಿಫ್ ಸಹಿ ಮಾಡಿಕೊಟ್ಟಿದ್ದಾನೆ. ಇದು ಹೊರಬಿದ್ದರೆ ಅವನನ್ನು ಇನ್ನು ಯಾರೂ ಕರೆಯಲಿಕ್ಕಿಲ್ಲ. ನಾನು ಅವನಿಗೆ "ಕೊಡ್ತೀಯಾ?" ಎಂದು ಕೇಳಿದೆ. ನಿನ್ನೆ ಬೆಳಿಗ್ಗೆ ಚಹಾ ಕುಡಿದು ಬರುತ್ತೇನೆ ಎಂದು ಹೊರಗೆ ಹೋದ. ಕಾರ್ಡುಗಳ ಪೆಟ್ಟಿಗೆಗೆ ಬೀಗ ಹಾಕದೆ ಸ್ನಾನಕ್ಕೂ ಹೋಗದವನು ನಿನ್ನೆ ಬೀಗದ ಕೈಯನ್ನು ಅದರಲ್ಲೇ ಬಿಟ್ಟು ಹೋಗಿದ್ದ. ಎರಡು ಗಂಟೆ ಬಿಟ್ಟು ಬಂದ. ಪೆಟ್ಟಿಗೆ ತೆರೆದು ನೋಡಲಿಲ್ಲ. ನನ್ನ ತಲೆವಸ್ತ್ರ ಕುರ್ಚಿಯ ಮೇಲೆ ಬಿದ್ದಿತ್ತು, ತೆಗೆದು ಮಡಚಿಟ್ಟ.

ನನ್ನನ್ನು ಕ್ಷಮಿಸು ಎಂದು ಬರೆಯಲು ಪೆನ್ನು ಏಳುತ್ತಿಲ್ಲ. ಸದ್ಯಕ್ಕೆ ಬೈಯಲಿಕ್ಕಾದರೂ ಫೋನ್ ಎತ್ತು. ಅಜ್ಜಿಗೆ ಅನ್ನ ಖಾರ ಎಂದು ಹೇಳುವುದನ್ನು ಮರೆಯಬೇಡ.

ಯಾರು "ಕೊಕ್ಕೋ", ಅಂದರೆ ತಂಗೀ, ಎಂದು ಕರೆದರೂ ಅದು ತನ್ನನ್ನೇ, ಕರೆದವಳು ತನ್ನ ಅಕ್ಕನೇ ಎಂದು ತಿರುಗಿ ನೋಡುವ,
ನಿನ್ನ ತಂಗಿ,
ಜೂನಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ.

ಉತ್ತರವನ್ನು ರಾಯಿಫ್ ಕಲಿಸಿದ ಎಂದು ಮೇಲೆ ಬರೆದಿದ್ದೇನೆ. ಸುಳ್ಳು. ಅವನಿಗೆ ಅಜ್ಜಿಯ ಕೈ ಕಂಡೇ ಇರಲಿಲ್ಲ. ಎರಡನೆಯ ದಿನ ಶಮೂನ್‌ಗೆ ಏನು ಹೇಳಬೇಕೆಂದು ಯಾರಿಗೂ ತೋಚದಿದ್ದಾಗ ಆ ಗೆರೆ, ಆ ಚಹಾ ಲೋಟ, ಆ ಬಟ್ಟೆ, ಎಲ್ಲ ಹೇಳಿಕೊಟ್ಟವಳು ನಾನು. ಶಮೂನ್ ಬೇಡವೆಂದ. "ನಮ್ಮಮ್ಮ ಮಾಲೇಲಿ ಹುಟ್ಟಿದವ್ರು, ಹಗ್ಗ ಅಂದ್ರೆ ಬಟ್ಟೆ ಒಣಹಾಕೋದಷ್ಟೇ ಗೊತ್ತು ಅವ್ರಿಗೆ" ಎಂದ. ರಾಯಿಫ್ ಕೂಡ "ಇದು ಅತಿ ಆಯ್ತು ಜೂನಾ" ಎಂದ. ನಾನು ನಕ್ಕು, "ಯಾರ್ ಹೋಗಿ ನೋಡ್ತಾರೆ?" ಎಂದೆ.

ಕ್ಯಾಮೆರಾ ಓಡುತ್ತಿತ್ತು. ಅದೂ ಈ ಕಾರ್ಡಿನಲ್ಲಿದೆ, ಕಚ್ಚಾದ ಹಿಂದೆಯೇ. ಅದನ್ನು ಕತ್ತರಿಸಬೇಕೆಂದು ನಿನ್ನೆ ಎರಡು ಸಲ ಕೂತೆ. ಕತ್ತರಿಸಿದರೆ ಇದನ್ನು ತಿದ್ದಿದ್ದಾರೆ ಎಂದು ಕಂಪನಿಯವರು ಹೇಳುತ್ತಾರೆ, ಕಾರ್ಡ್ ಕೆಲಸಕ್ಕೆ ಬಾರದು. ಅದಕ್ಕೇ ಪೂರ್ತಿ ಕಳಿಸುತ್ತಿದ್ದೇನೆ. ಸೋಮವಾರ ಪರದೆಯ ಮೇಲೆ ನನ್ನ ನಗು ಊರಿಗೆಲ್ಲ ಕೇಳುತ್ತದೆ.

ಅಜ್ಜಿಗೆ ಅಲ್ಲಿ, ಎಲ್ಲರ ನಡುವೆ, ಮೊದಲ ಸಲ ಗೊತ್ತಾಗುವುದು ಬೇಡ. ನೀನೊಬ್ಬಳೇ ಓದಿಕೋ ಎಂದು ಬರೆದಿದ್ದೆನಲ್ಲ, ಅದನ್ನು ಹೊಡೆದುಹಾಕು. ಅವಳನ್ನು ಜೋಲಿ ಕುರ್ಚಿಯಲ್ಲಿ ಕೂರಿಸು, ಕೈಯಲ್ಲಿ ಚಹಾ ಇರದ ಹೊತ್ತು ನೋಡಿಕೋ, ಮೊದಲಿನಿಂದ ಜೋರಾಗಿ ಓದು.